ಮಗು ಬೆಳೆದಂತೆ ಬದಲಾಗುವ ಇನ್ಸುಲಿನ್ ಲೆಕ್ಕ

"ಮೊದಲು ಎಂಟು ಯೂನಿಟ್ ಸಾಕಾಗ್ತಿತ್ತು, ಈಗ ಹದಿನೆಂಟು ಬೇಕು ಅಂತಿದ್ದಾರೆ. ಕಾಯಿಲೆ ಜೋರಾಯ್ತಾ?" ಟೈಪ್ 1 ಡಯಾಬಿಟಿಸ್ ಇರುವ ಮಗುವಿನ ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಈ ಪ್ರಶ್ನೆ ಕೇಳದೆ ಇರುವುದಿಲ್ಲ. ನಮ್ಮ ಊರುಗಳಲ್ಲಿ ಜನ ಕಂಡಿರುವುದು ದೊಡ್ಡವರ ಸಕ್ಕರೆ ಕಾಯಿಲೆ. ಅಲ್ಲಿ ಮೊದಲು ಮಾತ್ರೆ, ಆಮೇಲೆ ಎರಡು ಮಾತ್ರೆ, ಕೊನೆಗೆ ಸೂಜಿ. ಆದ್ದರಿಂದ ಸೂಜಿಯ ಅಳತೆ ಏರಿದರೆ ಕೈಮೀರಿತು ಎಂಬ ಭಾವನೆ ಸಹಜ. ಮಕ್ಕಳ ಟೈಪ್ 1ರಲ್ಲಿ ಆ ಲೆಕ್ಕ ನಡೆಯುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಬಹುಪಾಲನ್ನು ನಾಶಮಾಡಿರುತ್ತದೆ. ಹೊರಗಿನಿಂದ ಕೊಡುವ ಇನ್ಸುಲಿನ್ನೇ ಎಲ್ಲ. ಹಾಗಿರುವಾಗ ಮಗು 14 ಕೆಜಿಯಿಂದ 28 ಕೆಜಿಗೆ ಬೆಳೆದರೂ ಡೋಸ್ ಅಲ್ಲೇ ನಿಂತಿದ್ದರೆ ಯೋಚಿಸಬೇಕು, ಏರಿದ್ದಕ್ಕಲ್ಲ.

ಎಷ್ಟು ಏರುತ್ತದೆ ಎಂಬುದಕ್ಕೆ ಒಂದು ಅಂದಾಜಿದೆ. ಹನಿಮೂನ್ ಅವಧಿಯಲ್ಲಿ, ಅಂದರೆ ರೋಗ ಪತ್ತೆಯಾದ ಹೊಸದರಲ್ಲಿ ಇನ್ಸುಲಿನ್ ಕಡಿಮೆ ಸಾಕಾಗುವ ಕಾಲದಲ್ಲಿ, ದಿನಕ್ಕೆ ಒಂದು ಕೆಜಿ ತೂಕಕ್ಕೆ 0.5 ಯೂನಿಟ್‌ಗಿಂತ ಕಡಿಮೆ. ಅದು ಮುಗಿದ ಮೇಲೆ, ಮೈನೆರೆಯುವ ಮೊದಲಿನ ವರ್ಷಗಳಲ್ಲಿ 0.7ರಿಂದ 1 ಯೂನಿಟ್. ಹರೆಯದಲ್ಲಿ 1.2 ದಾಟುವುದು ಮಾಮೂಲು, ಕೆಲವರಿಗೆ 2ರ ತನಕ. ಬೆಳವಣಿಗೆ ನಿಂತ ಮೇಲೆ ಮತ್ತೆ ಇಳಿಕೆ. ಈ ಅಂಕಿಗಳನ್ನು ದಾರಿ ಗೊತ್ತಾಗಲೆಂದು ಇಟ್ಟುಕೊಳ್ಳಬೇಕು ಅಷ್ಟೆ. ಶುಗರ್ ಬಹುಪಾಲು ಹೊತ್ತು ಹದದಲ್ಲಿದ್ದು, ಪದೇಪದೇ ಲೋ ಆಗದೆ (ಶುಗರ್ 70ಕ್ಕಿಂತ ಕೆಳಗಿಳಿಯದೆ), ಮಗು ವಯಸ್ಸಿಗೆ ತಕ್ಕ ಎತ್ತರ ತೂಕ ಪಡೆಯುತ್ತಿದ್ದರೆ ಆ ಮಗುವಿಗೆ ಅದೇ ಸರಿಯಾದ ಡೋಸ್.

ಹನಿಮೂನ್ ಎಂದೆವಲ್ಲ, ಅತಿ ಹೆಚ್ಚು ಮೋಸ ಆಗುವುದು ಅಲ್ಲೇ. ರೋಗ ಪತ್ತೆಯಾಗಿ, ಐಸಿಯುನಲ್ಲಿ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದ ಕೆಲವೇ ವಾರಗಳಲ್ಲಿ ಅನೇಕ ಮಕ್ಕಳಿಗೆ ಶುಗರ್ ತಾನಾಗಿಯೇ ಇಳಿಯತೊಡಗುತ್ತದೆ. ಹೊರಗಿನ ಇನ್ಸುಲಿನ್ ಸಿಕ್ಕಿ ಸ್ವಲ್ಪ ಚೇತರಿಸಿಕೊಂಡ ಅಳಿದುಳಿದ ಬೀಟಾ ಕೋಶಗಳು ಮತ್ತೆ ಒಂದಿಷ್ಟು ದುಡಿಯುತ್ತವೆ. ಇದು ಕೆಲವರಲ್ಲಿ ವಾರಗಳು, ಹೆಚ್ಚಿನವರಲ್ಲಿ ತಿಂಗಳುಗಳು, ಅಪರೂಪಕ್ಕೆ ವರ್ಷಕ್ಕೂ ಮೇಲೆ ಇರುತ್ತದೆ. ಈ ಹೊತ್ತಿಗೆ ಸರಿಯಾಗಿ ಯಾರೋ ನಾಟಿ ಔಷಧಿಯ ವಿಳಾಸ ಕೊಟ್ಟಿರುತ್ತಾರೆ. ಕಷಾಯ ಕುಡಿದದ್ದಕ್ಕೂ ಡೋಸ್ ಇಳಿದದ್ದಕ್ಕೂ ಗಂಟು ಬೀಳುತ್ತದೆ, ಇನ್ಸುಲಿನ್ ನಿಲ್ಲುತ್ತದೆ, ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುವ ಕೀಟೋಅಸಿಡೋಸಿಸ್ ಆಗಿ ಮಗು ಮತ್ತೆ ಐಸಿಯು ಸೇರುತ್ತದೆ. ಹನಿಮೂನಿನಲ್ಲಿ ಲೋ ಆಗತೊಡಗಿದರೆ ಡೋಸ್ ಇಳಿಸಬೇಕು, ಅದೂ ತಡಮಾಡದೆ, ವೈದ್ಯರಿಗೆ ಫೋನ್ ಮಾಡಿ ಒಂದು ಸಲಕ್ಕೆ ಶೇ. 10ರಿಂದ 20ರಷ್ಟು. ದಿನಕ್ಕೆ ಎರಡೋ ಮೂರೋ ಯೂನಿಟ್‌ಗೆ ಬಂದರೂ ಪೂರ್ತಿ ನಿಲ್ಲಿಸಬಾರದು. ಈ ಅವಧಿ ಮುಗಿಯುವಾಗ ಯಾರೂ ಗಂಟೆ ಬಾರಿಸಿ ಹೇಳುವುದಿಲ್ಲ. ಬೆಳಗಿನ ಶುಗರ್ 110 ಇದ್ದದ್ದು 140, 160 ಎನ್ನುತ್ತಾ ಏರುತ್ತದೆ, ಇಲ್ಲವೇ ಒಂದು ಜ್ವರ ಬಂದು ಹೋದ ಮೇಲೆ ಹಳೆಯ ಡೋಸ್ ಸಾಲದಾಗುತ್ತದೆ.

ಡೋಸ್ ಬದಲಾದರೆ ಅದರ ಹಿಂದಿನ ಲೆಕ್ಕವೂ ಬದಲಾಗಬೇಕು. ಇದನ್ನು ಮರೆಯುವವರೇ ಹೆಚ್ಚು. 20 ಕೆಜಿಯ ಒಂದು ಮಗುವಿಗೆ ದಿನದ ಒಟ್ಟು 16 ಯೂನಿಟ್ ಎಂದುಕೊಳ್ಳೋಣ: ದಿನಕ್ಕೊಮ್ಮೆ ಕೊಡುವ ದೀರ್ಘಾವಧಿಯ ಗ್ಲಾರ್ಜಿನ್ 7, ಮೂರು ಹೊತ್ತಿನ ಊಟಕ್ಕೆ ಬೇಗ ಕೆಲಸ ಮಾಡುವ ಇನ್ಸುಲಿನ್ ಮೂರು ಮೂರು. 500ನ್ನು ದಿನದ ಒಟ್ಟು ಡೋಸಿನಿಂದ ಭಾಗಿಸಿದರೆ ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟನ್ನು ನಿಭಾಯಿಸುತ್ತದೆ ಎಂಬ ಅಂದಾಜು ಸಿಗುತ್ತದೆ. ಇಲ್ಲಿ ಸುಮಾರು 30 ಗ್ರಾಂ. 1800ನ್ನು ಭಾಗಿಸಿದರೆ ಒಂದು ಯೂನಿಟ್ ಶುಗರನ್ನು ಎಷ್ಟು ಇಳಿಸುತ್ತದೆ ಎಂಬುದು. ಇಲ್ಲಿ ಸುಮಾರು 110. ಕೊಡುತ್ತಿರುವುದು ಸ್ವಲ್ಪ ನಿಧಾನಕ್ಕೆ ಕೆಲಸ ಶುರುಮಾಡುವ ರೆಗ್ಯುಲರ್ ಇನ್ಸುಲಿನ್ ಆದರೆ 1800ರ ಬದಲು 1500. ಸಣ್ಣ ಮಕ್ಕಳ ಬೆಳಗಿನ ತಿಂಡಿಗೆ 500ರ ಸೂತ್ರ ಸಾಮಾನ್ಯವಾಗಿ ಕೈಕೊಡುತ್ತದೆ, 330ನ್ನು ಭಾಗಿಸಿದರೆ ಹತ್ತಿರಕ್ಕೆ ಬರುತ್ತದೆ.

ಅದೇ ಮಗು ಹನ್ನೆರಡು ಹದಿಮೂರಕ್ಕೆ ಬಂದು 40 ಕೆಜಿಯಾಗಿ, ಕೆಜಿಗೆ 1.3ರಂತೆ 52 ಯೂನಿಟ್ ತೆಗೆದುಕೊಳ್ಳುತ್ತಿದೆ ಅನ್ನಿ. ಈಗ ಒಂದು ಯೂನಿಟ್‌ಗೆ 10 ಗ್ರಾಂ, ಶುಗರ್ ಇಳಿಕೆ 35. ರಾಗಿ ಹಿಟ್ಟು 100 ಗ್ರಾಮಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. 60 ಗ್ರಾಂ ಹಿಟ್ಟಿನ ಒಂದು ಮುದ್ದೆ ಎಂದರೆ 42 ಗ್ರಾಂ. ಆಗ ಆ ಮುದ್ದೆಗೆ ಒಂದೂವರೆ ಯೂನಿಟ್ ಸಾಕಿತ್ತು, ಈಗ ನಾಲ್ಕು ಬೇಕು. ಫ್ರಿಜ್ ಬಾಗಿಲಿಗೆ ಅಂಟಿಸಿದ ಆಗಿನ ಹಳೆಯ ಚೀಟಿ ನೋಡಿ ಒಂದೂವರೆಯೇ ಕೊಡುತ್ತಿದ್ದರೆ ಶುಗರ್ 300 ಆಗದೆ ಇನ್ನೇನಾದೀತು? "ರಾಗಿಯಲ್ಲಿ ಶುಗರ್ ಇಲ್ಲ" ಎಂದು ಮುದ್ದೆಯನ್ನು ಲೆಕ್ಕಕ್ಕೇ ಹಿಡಿಯದ ಮನೆಗಳೂ ಇವೆ. ರಾಗಿ ಒಳ್ಳೆಯದು, ನಿಜ. ಅನ್ನವೂ ಮುದ್ದೆಯೂ ಜೋಳದ ರೊಟ್ಟಿಯೂ ಇನ್ಸುಲಿನ್ ಕೇಳುತ್ತವೆ ಎಂಬುದೂ ಅಷ್ಟೇ ನಿಜ. ಮೂರು ತಿಂಗಳಿಗೊಮ್ಮೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಮಾಡಿಸಲು ಹೋದಾಗ ಮಗುವಿನ ತೂಕ ನೋಡಿ, ಒಟ್ಟು ಡೋಸ್ ಕೂಡಿ, ಈ ಎರಡು ಸಂಖ್ಯೆಗಳನ್ನು ಮತ್ತೆ ತೆಗೆದು ಹೊಸ ಚೀಟಿ ಬರೆಯಿಸಿಕೊಳ್ಳಬೇಕು.

ಆದರೆ ಶುಗರ್ ಏರಿದಾಗಲೆಲ್ಲ ಡೋಸ್ ಏರಿಸುವುದಲ್ಲ. ಏರಿಸುವ ಮೊದಲು ಕೊಡುತ್ತಿರುವ ಇನ್ಸುಲಿನ್ ನಿಜವಾಗಿ ಮಗುವಿನ ಮೈ ಸೇರುತ್ತಿದೆಯೇ ಎಂದು ನೋಡಬೇಕು. ಮಗುವಿಗೆ 1 ಯೂನಿಟ್ ಸಾಲದೆ ಇರಬಹುದು, ಇಲ್ಲವೇ ಆ 1 ಯೂನಿಟ್ ಅರ್ಧ ಸತ್ತಿರಬಹುದು. ಮೀಟರಿನಲ್ಲಿ ಎರಡೂ ಒಂದೇ ಥರ ಕಾಣುತ್ತದೆ.

ಮೊದಲು ಬಾಟಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ಜಿನಲ್ಲಿ ಫ್ರೀಜರ್‌ಗೆ ತಾಗಿ ಇಟ್ಟರೆ ಹೆಪ್ಪುಗಟ್ಟುತ್ತದೆ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ನೀರಾದ ಮೇಲೂ ಕೆಲಸಕ್ಕೆ ಬಾರದು. ತೆರೆದ ಮೇಲೆ ಬಹುತೇಕ ಇನ್ಸುಲಿನ್‌ಗಳ ಆಯುಷ್ಯ ನಾಲ್ಕು ವಾರದ ಆಸುಪಾಸು. ಸಣ್ಣ ಮಕ್ಕಳಲ್ಲಿ ತೊಂದರೆ ಬರುವುದು ಇಲ್ಲಿ. 40 ಐಯು ಬಾಟಲಿಯ 10 ಎಂಎಲ್‌ನಲ್ಲಿ 400 ಯೂನಿಟ್ ಇರುತ್ತದೆ. ಅದರಿಂದ ದಿನಕ್ಕೆ 6 ಯೂನಿಟ್ ತೆಗೆಯುವ ಮಗುವಿಗೆ ಅದು ಎರಡು ತಿಂಗಳು ದಾಟಿ ಬರುತ್ತದೆ. ಇನ್ನೂ ಅರ್ಧ ಇದೆಯಲ್ಲ ಎಂದು ಯಾರಿಗೆ ಬಿಸಾಡಲು ಮನಸ್ಸು ಬರುತ್ತದೆ? ಐದನೇ ವಾರದಿಂದ ಶುಗರ್ ನಿಧಾನಕ್ಕೆ ಏರುತ್ತದೆ, ಡೋಸ್ ಏರಿಸುತ್ತಾರೆ, ಹೊಸ ಬಾಟಲಿ ತೆರೆದ ದಿನ ಮಗು ಲೋ ಆಗಿ ಬೀಳುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದಿಡುವ ಅಭ್ಯಾಸ ಇದನ್ನೆಲ್ಲ ತಪ್ಪಿಸುತ್ತದೆ.

ಕಲಬುರಗಿ, ರಾಯಚೂರು, ಯಾದಗಿರಿ ಕಡೆ ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದಿದ್ದರೆ, ಕರೆಂಟ್ ಹೋಗುತ್ತಿದ್ದರೆ, ಒಂದು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಗಾಳಿಯಾಡುವ ಕಡೆ ಇಡಬಹುದು. ಬಾಟಲಿಯನ್ನು ಡಬ್ಬಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಹಾಕಿ ಒಳಗಿನ ಮಡಕೆಯಲ್ಲಿಡಬೇಕು, ನೀರು ತಾಗಬಾರದು. ಒಣ ಸೆಖೆಯ ಬಯಲುಸೀಮೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಕಾರವಾರದ ಬೆವರುವ ಹವೆಯಲ್ಲಿ ನೀರು ಆರುವುದೇ ಕಡಿಮೆ, ಆದ್ದರಿಂದ ತಂಪೂ ಕಡಿಮೆ. ಎಲ್ಲಿದ್ದರೂ ತೆಗೆಯುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿಯಬೇಕು. ರೆಗ್ಯುಲರ್, ಗ್ಲಾರ್ಜಿನ್, ಬೇಗ ಕೆಲಸ ಮಾಡುವ ಆಸ್ಪಾರ್ಟ್ ನೀರಿನಷ್ಟು ತಿಳಿಯಾಗಿರಬೇಕು. ಮಧ್ಯಮಾವಧಿಯ ಎನ್‌ಪಿಎಚ್ ಅಂಗೈಯಲ್ಲಿ ಹೊರಳಿಸಿದಾಗ ಒಂದೇ ಸಮ ಹಾಲಿನಂತಾಗಬೇಕು. ಗಾಜಿನ ಒಳಗೋಡೆಗೆ ಬಿಳಿ ಚುಕ್ಕೆಗಳು ಅಂಟಿದ್ದರೆ, ಹೊರಳಿಸಿದರೂ ತುಣುಕು ತೇಲುತ್ತಿದ್ದರೆ ಅದನ್ನು ಬಿಸಾಡಬೇಕು.

ಎರಡನೆಯದು ಸಿರಿಂಜ್. ನಮ್ಮಲ್ಲಿ 40 ಐಯು ಮತ್ತು 100 ಐಯು ಎರಡೂ ಮಾರಾಟದಲ್ಲಿವೆ. ಒಂದು ಎಂಎಲ್‌ನಲ್ಲಿ ಎಷ್ಟು ಯೂನಿಟ್ ಎಂಬುದು ಆ ಸಂಖ್ಯೆ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಏನಾಗುತ್ತದೆ ನೋಡಿ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಮಗುವಿನ ಮೈಗೆ ಹೋಗುವುದು 25 ಯೂನಿಟ್. 40ರದ್ದನ್ನು ಕಿತ್ತಳೆ ಮುಚ್ಚಳದ್ದರಲ್ಲಿ 10ರ ಗೆರೆಗೆ ಎಳೆದರೆ ಹೋಗುವುದು 4 ಯೂನಿಟ್ ಮಾತ್ರ. ಮೊದಲನೆಯದು ರಾತ್ರೋರಾತ್ರಿ ಪ್ರಾಣಕ್ಕೆ ಬರುತ್ತದೆ, ಎರಡನೆಯದು ನಾಲ್ಕಾರು ದಿನದಲ್ಲಿ ಕೀಟೋನಿಗೆ ತಂದು ನಿಲ್ಲಿಸುತ್ತದೆ. ಪೆನ್ನಿನ ಕಾರ್ಟ್ರಿಜ್‌ಗಳು 100 ಐಯು ಆಗಿರುವುದರಿಂದ, ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ ಎಳೆಯುವುದು ಅಪಾಯ. ಔಷಧ ಅಂಗಡಿಯಲ್ಲಿ ಹೊಸ ಪೊಟ್ಟಣ ಕೈಗೆ ಬಂದಾಗಲೆಲ್ಲ ಎರಡರ ಮೇಲಿನ ಸಂಖ್ಯೆಯನ್ನೂ ಓದಬೇಕು, ಅಂಗಡಿಯವರು ಎಷ್ಟೇ ಪರಿಚಯದವರಾದರೂ.

ಮೂರನೆಯದು ಚುಚ್ಚುವ ಜಾಗ. ಒಂದೇ ಕಡೆ ದಿನಾ ಚುಚ್ಚಿದರೆ ಚರ್ಮದ ಕೆಳಗೆ ಕೊಬ್ಬು ಗಂಟಾಗುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಮಕ್ಕಳು "ಇಲ್ಲೇ ಹಾಕಮ್ಮ" ಎನ್ನುತ್ತಾರೆ. ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ನಿಧಾನಕ್ಕೆ, ಇನ್ನೊಂದು ದಿನ ಹೆಚ್ಚಾಗಿ ಇಳಿಯುತ್ತದೆ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕಣ್ಣಿಗೆ ಕಾಣದ ಗಂಟೂ ಇರುತ್ತದೆ. ಸ್ನಾನದ ಹೊತ್ತಿನಲ್ಲಿ ಸೋಪಿನ ಕೈಯಿಂದ ಹೊಟ್ಟೆ, ತೊಡೆಗಳ ಮೇಲೆ ಬೆರಳಾಡಿಸಿದರೆ ರಬ್ಬರಿನಂಥ ದಪ್ಪ ಜಾಗ ಸಿಕ್ಕೀತು. ಸಿಕ್ಕರೆ ಕೆಲವು ತಿಂಗಳು ಅಲ್ಲಿಗೆ ಸೂಜಿ ಬೇಡ. ಹೊಸ ಜಾಗಕ್ಕೆ ಬದಲಿಸಿದ ದಿನದಿಂದಲೇ ಇನ್ಸುಲಿನ್ ಪೂರ್ತಿ ಹತ್ತತೊಡಗುವುದರಿಂದ ಹಳೆಯ ಡೋಸ್ ಜಾಸ್ತಿಯಾಗಬಹುದು. ಎಷ್ಟು ಇಳಿಸಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಂಡು, ಆ ವಾರ ಹೆಚ್ಚು ಸಲ ಶುಗರ್ ನೋಡಬೇಕು.

ಇನ್ನು ಮೀಟರ್. ಮಾವಿನ ಕಾಲದಲ್ಲಿ ಹಣ್ಣು ಹಿಂಡಿ ತಿಂದ ಬೆರಳನ್ನು ಸರಿಯಾಗಿ ತೊಳೆಯದೆ ಚುಚ್ಚಿದರೆ 130 ಇರಬೇಕಾದ ಶುಗರ್ 300 ತೋರಿಸುತ್ತದೆ. ಸ್ಪಿರಿಟ್ ಹತ್ತಿ ಆ ಸಿಹಿಯನ್ನು ಪೂರ್ತಿ ತೆಗೆಯುವುದಿಲ್ಲ. ಸೋಪು ಹಾಕಿ ನೀರಲ್ಲಿ ತೊಳೆದು ಒರೆಸಿಯೇ ನೋಡಬೇಕು. ಆ ಸುಳ್ಳು 300ಕ್ಕೆ ಕೊಟ್ಟ ಇನ್ಸುಲಿನ್ ಮಾತ್ರ ಸುಳ್ಳಲ್ಲ.

ಇವೆಲ್ಲ ಸರಿಯಿದ್ದೂ ಶುಗರ್ ಏರುತ್ತಿದ್ದರೆ ಆಗ ಡೋಸ್. ಒಂದು ದಿನದ 300ಕ್ಕೆ ನಾಳಿನ ಡೋಸ್ ಬದಲಿಸಬಾರದು. ಒಂದೇ ಹೊತ್ತಿನಲ್ಲಿ ಮೂರು ದಿನ ಹೀಗೇ ಇದ್ದರೆ ಅದೊಂದು ಜಾಡು. ಆ ಹೊತ್ತಿಗೆ ಯಾವ ಇನ್ಸುಲಿನ್ ಉತ್ತರ ಹೇಳಬೇಕೋ ಅದನ್ನು ಮಾತ್ರ ಶೇ. 10ರಷ್ಟು, ಸಣ್ಣ ಮಕ್ಕಳಲ್ಲಿ ಅರ್ಧ ಯೂನಿಟ್, ಬದಲಿಸಿ ಎರಡು ಮೂರು ದಿನ ಕಾಯಬೇಕು. ಡೆಗ್ಲುಡೆಕ್‌ನಂಥ ದೀರ್ಘಾವಧಿಯದಾದರೆ ಇನ್ನೂ ಒಂದೆರಡು ದಿನ ಹೆಚ್ಚು. ಒಂದೇ ದಿನ ಮೂರು ಡೋಸ್ ಅಲುಗಾಡಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು. ಹೈಯೂ ಲೋವೂ ಎರಡೂ ಇದ್ದರೆ ಮೊದಲು ಲೋ ಸರಿಮಾಡಬೇಕು, ಏಕೆಂದರೆ ಎಷ್ಟೋ ಹೈಗಳು ಲೋ ಆದಾಗ ಗಾಬರಿಯಲ್ಲಿ ತಿನ್ನಿಸಿದ್ದರ ಫಲ.

ಊಟಕ್ಕೊಂದು, ದಿನಕ್ಕೊಂದು ಎಂಬ ನಾಲ್ಕು ಸೂಜಿಯ ಕ್ರಮದಲ್ಲಿ ಲೆಕ್ಕ ನೇರ: ತಿಂಡಿಯಾಗಿ ಎರಡು ಗಂಟೆಯ ಶುಗರಿಗೆ ತಿಂಡಿಯ ಡೋಸ್, ಬೆಳಗಿನ ಖಾಲಿ ಹೊಟ್ಟೆಯದ್ದಕ್ಕೆ ಹಿಂದಿನ ದಿನದ ಗ್ಲಾರ್ಜಿನ್. ರೆಗ್ಯುಲರ್ ಮತ್ತು ಎನ್‌ಪಿಎಚ್ ಬೆರೆಸಿ ಎರಡು ಹೊತ್ತು ಕೊಡುವವರಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚಿನ ಶುಗರ್ ಬೆಳಗಿನ ರೆಗ್ಯುಲರ್‌ನ ಕೆಲಸ, ರಾತ್ರಿ ಊಟಕ್ಕೆ ಮುಂಚಿನದು ಬೆಳಗಿನ ಎನ್‌ಪಿಎಚ್‌ನದು, ಮಲಗುವಾಗಿನದು ಸಂಜೆಯ ರೆಗ್ಯುಲರ್‌ನದು, ಮರುದಿನ ಬೆಳಗಿನದು ರಾತ್ರಿಯ ಎನ್‌ಪಿಎಚ್‌ನದು. 30/70ರ ಸಿದ್ಧ ಮಿಶ್ರಣದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಬರುವುದಿಲ್ಲ. ಬೆಳೆಯುವ ಮಗುವಿಗೆ ಆ ಮಿಶ್ರಣ ಹೊಂದುವುದಿಲ್ಲ ಎಂಬ ಮಾತನ್ನು ಖಡಾಖಂಡಿತ ಹೇಳಬಹುದು. ಬೇರೆ ಏನೂ ಸಿಗದ ಕಡೆ ಅದೇ ಜೀವ ಉಳಿಸುತ್ತದೆ ಎಂಬುದನ್ನೂ ಮರೆಯಬಾರದು.

ಸ್ಟ್ರಿಪ್ ದುಬಾರಿ. ದಿನಕ್ಕೆ ಎರಡೇ ಸಾಧ್ಯ ಎನ್ನುವವರು ದಿನಾ ಬೆಳಿಗ್ಗೆ, ರಾತ್ರಿ ಅದೇ ಹೊತ್ತಿಗೆ ನೋಡುತ್ತ ಕೂರದೆ ಹೊತ್ತು ಬದಲಿಸಬೇಕು. ಸೋಮವಾರ ತಿಂಡಿಗೆ ಮುಂಚೆ ಮತ್ತು ಆಮೇಲೆ, ಮಂಗಳವಾರ ಮಧ್ಯಾಹ್ನದ ಊಟದ ಹಿಂದೆ ಮುಂದೆ, ಬುಧವಾರ ರಾತ್ರಿಯದ್ದು, ಹೀಗೆ. ಎರಡು ವಾರದಲ್ಲಿ ಇಡೀ ದಿನದ ಚಿತ್ರ ಸಿಗುತ್ತದೆ. ಹಗಲು ರಾತ್ರಿ ಶುಗರ್ ಅಳೆಯುವ, ತೋಳಿಗೆ ಅಂಟಿಸುವ ಸೆನ್ಸರ್ ಸದಾ ಕೈಗೆಟುಕದಿದ್ದರೂ ಡೋಸ್ ತೀರಾ ಏರುಪೇರಾಗುವ ಕಾಲದಲ್ಲಿ ಒಂದು ಸಲ ಎರಡು ವಾರ ಹಾಕಿ ನೋಡಿದರೆ ದುಡ್ಡಿಗೆ ಮೋಸವಿಲ್ಲ. 70ರಿಂದ 180ರ ನಡುವೆ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಇರಬೇಕೆಂಬುದು ಗುರಿ. ಎಚ್‌ಬಿಎ1ಸಿ 7ರ ಒಳಗೆ. ಮಕ್ಕಳ ಡಯಾಬಿಟಿಸ್ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಇಸ್ಪಾಡ್ 2024ರಲ್ಲಿ, ಸೆನ್ಸರ್ ಮತ್ತು ಪಂಪ್‌ನಂಥ ಸೌಲಭ್ಯ ಇರುವವರಿಗೆ ಅದನ್ನು 6.5ಕ್ಕೆ ಇಳಿಸಿತು. ಸ್ಟ್ರಿಪ್ ಲೆಕ್ಕ ಹಾಕಿ ಬಳಸುವ ಮನೆಯವರು ಆ ಅಂಕಿ ಹಿಡಿದು ಕೊರಗಬೇಕಾಗಿಲ್ಲ.

ಬೆಳಗಿನ ಶುಗರ್ ಒಂದರ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಬೆಳಿಗ್ಗೆ 220 ಕಂಡ ತಕ್ಷಣ ರಾತ್ರಿಯ ಡೋಸ್ ಏರಿಸುವುದು ಎಲ್ಲರೂ ಮಾಡುವ ಕೆಲಸ. ಅದಕ್ಕೆ ಮೊದಲು ಎರಡು ರಾತ್ರಿ ಮಲಗುವಾಗ ಒಮ್ಮೆ, ಎರಡು ಮೂರು ಗಂಟೆಗೆ ಎದ್ದು ಒಮ್ಮೆ ನೋಡಬೇಕು. ಮಲಗುವಾಗಲೇ 230 ಇದ್ದರೆ ತಪ್ಪು ರಾತ್ರಿ ಊಟದ ಡೋಸಿನದು. ಮೂರಕ್ಕೆ 120 ಇದ್ದು ಬೆಳಗಾಗುವಾಗ ಏರಿದ್ದರೆ ಅದು ನಸುಕಿನ ಹಾರ್ಮೋನುಗಳ ಕೆಲಸ, ಹರೆಯದವರಲ್ಲಿ ಜಾಸ್ತಿ. ಮೂರಕ್ಕೆ 60 ಇದ್ದರೆ ಏರಿಸುವ ಮಾತೇ ಬೇಡ. ಎಂಟು ಗಂಟೆಗೆ ಊಟದ ಜೊತೆ ಕೊಟ್ಟ ಎನ್‌ಪಿಎಚ್ ನಡುರಾತ್ರಿ ಕಳೆದ ಮೇಲೆ ಜೋರಾಗುತ್ತದೆ. ಅದನ್ನೇ ಹತ್ತು ಗಂಟೆಗೆ, ಮಲಗುವಾಗ ಬೇರೆ ಸೂಜಿಯಾಗಿ ಕೊಟ್ಟರೆ ಮೂರರ ಲೋ ತಪ್ಪಿ, ಬೆಳಗಿನ ಹೈಯೂ ತಗ್ಗುತ್ತದೆ, ಡೋಸ್ ಏರಿಸದೆಯೇ. ಐದಾರು ವರ್ಷದೊಳಗಿನವರಲ್ಲಿ ಚಿತ್ರ ಬೇರೆ: ಅವರಿಗೆ ಹೆಚ್ಚು ಬೇಕಾಗುವುದು ರಾತ್ರಿ ಒಂಬತ್ತರಿಂದ ಹನ್ನೆರಡರ ನಡುವೆ, ನಸುಕಿನಲ್ಲಿ ಬೇಕಾಗುವುದು ಕಡಿಮೆ.

ಆ ಪುಟ್ಟವರ ಕಷ್ಟವೇ ಬೇರೆ. 11 ಕೆಜಿಯ ಮಗುವಿಗೆ ಒಂದು ಯೂನಿಟ್ ಶುಗರನ್ನು 200ರಷ್ಟು ಇಳಿಸಬಹುದು. ಅಲ್ಲಿ ಅರ್ಧ ಯೂನಿಟ್ ಕೂಡ ದೊಡ್ಡದು. ಅರ್ಧ ಯೂನಿಟ್ ಗೆರೆಯಿರುವ 0.3 ಎಂಎಲ್ ಸಿರಿಂಜ್, ಅರ್ಧರ್ಧ ತಿರುಗುವ ಪೆನ್ ಇವೆ, ಕೇಳಿ ತರಿಸಬೇಕು. ಅದಕ್ಕೂ ಕಡಿಮೆ ಬೇಕಾದರೆ ಇನ್ಸುಲಿನ್ ತೆಳು ಮಾಡಿ ಕೊಡುವ ಕ್ರಮವಿದೆ, ಅದು ಆಸ್ಪತ್ರೆಯವರೇ ಮಾಡಿಕೊಡಬೇಕಾದ್ದು. ಸೂಜಿ ಹಾಕಿಸಿಕೊಂಡು ಎರಡು ತುತ್ತಿಗೆ ಬಾಯಿ ಮುಚ್ಚುವ ಮಗುವಾದರೆ ಡೋಸನ್ನು ಎರಡು ಪಾಲು ಮಾಡಿ, ಖಂಡಿತ ತಿನ್ನುವಷ್ಟಕ್ಕೆ ಮೊದಲು, ತಿಂದದ್ದು ನೋಡಿ ಉಳಿದದ್ದು ಆಮೇಲೆ ಕೊಡಬಹುದು. ಬೇಗ ಕೆಲಸ ಮಾಡುವ ಇನ್ಸುಲಿನ್‌ಗೆ ಮಾತ್ರ ಈ ಉಪಾಯ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕಾದ ರೆಗ್ಯುಲರ್‌ಗೆ ಇದು ಆಗದು.

ಹರೆಯಕ್ಕೆ ಬಂದರೆ ಬೆಳವಣಿಗೆಯ ಹಾರ್ಮೋನು, ಲೈಂಗಿಕ ಹಾರ್ಮೋನುಗಳೆಲ್ಲ ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಅದೇ ಊಟ, ಅದೇ ಆಟ, ಶುಗರ್ ಮಾತ್ರ ದಿನವಿಡೀ 250. "ಕದ್ದು ಏನೋ ತಿಂದಿರಬೇಕು" ಎಂದು ಮನೆಯಲ್ಲಿ ವಿಚಾರಣೆ ಶುರುವಾಗುವುದು ಆಗಲೇ. ಈ ಆರೋಪದಷ್ಟು ಕೆಟ್ಟ ಚಿಕಿತ್ಸೆ ಇನ್ನೊಂದಿಲ್ಲ. ಎರಡು ಸಲ ಬೈಸಿಕೊಂಡ ಮಗು ಮೂರನೆಯ ಸಲ ಪುಸ್ತಕದಲ್ಲಿ 140 ಎಂದು ಬರೆದಿಡುತ್ತದೆ. ಆಮೇಲೆ ಯಾವ ಜಾಡನ್ನು ಓದುವುದು? ಈ ವಯಸ್ಸಿನಲ್ಲಿ ತಿಂಗಳಿಗೊಮ್ಮೆ ಡೋಸ್ ಏರಿಸಬೇಕಾಗಿ ಬರಬಹುದು, ಅಪ್ಪನಿಗಿಂತ ಮಗನಿಗೆ ಹೆಚ್ಚು ಯೂನಿಟ್ ಬೇಕಾಗಬಹುದು, ಅದರಲ್ಲಿ ಹೆದರುವಂಥದ್ದಿಲ್ಲ. ಹೆಣ್ಣುಮಕ್ಕಳಲ್ಲಿ ಮುಟ್ಟಿಗೆ ಮೂರ್ನಾಲ್ಕು ದಿನ ಮುಂಚೆ ಶುಗರ್ ಏರಿ, ಮುಟ್ಟಾದ ಮೇಲೆ ಇಳಿಯುವುದುಂಟು. ಎರಡು ಮೂರು ತಿಂಗಳು ಗುರುತು ಹಾಕಿ ಅದು ಖಚಿತವಾದರೆ ಆ ದಿನಗಳಿಗೆಂದೇ ಬೇಸಲ್ (ಊಟಕ್ಕಲ್ಲದೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್) ಡೋಸ್ ಸ್ವಲ್ಪ ಏರಿಸಿ, ಆಮೇಲೆ ಇಳಿಸಲು ನೆನಪಿಡಬೇಕು. ಇನ್ನೊಂದು ಸೂಕ್ಷ್ಮ ವಿಷಯ: ಕೆಜಿಗೆ 2 ಯೂನಿಟ್ ದಾಟಿಯೂ ಶುಗರ್ ಇಳಿಯದೆ, ತೂಕ ಕರಗುತ್ತಿದ್ದರೆ ಸೂಜಿ ತಪ್ಪುತ್ತಿರಬಹುದು. ಸೂಜಿ ಬಿಟ್ಟರೆ ತೂಕ ಇಳಿಯುತ್ತದೆಂದು ಕಂಡುಕೊಂಡ ಮಕ್ಕಳಿದ್ದಾರೆ, ಸಾಕಾಗಿ ಹೋಗಿ ಬಿಟ್ಟವರೂ ಇದ್ದಾರೆ. ಆಗ ಮಾಡಬೇಕಾದ್ದು ಡೋಸ್ ಏರಿಸುವುದನ್ನಲ್ಲ, ದೊಡ್ಡವರೊಬ್ಬರು ಕೆಲವು ದಿನ ಪಕ್ಕದಲ್ಲಿ ಕೂತು ಹಾಕಿಕೊಡುವುದನ್ನು. ಜೊತೆಗೆ ಆಪ್ತಸಮಾಲೋಚಕರ ನೆರವು.

ಶಾಲೆಯ ಕ್ಯಾಲೆಂಡರೂ ಡೋಸ್ ಬದಲಿಸುತ್ತದೆ. ಬೆಳಿಗ್ಗೆ ಕೊಟ್ಟ ಎನ್‌ಪಿಎಚ್ ಮಧ್ಯಾಹ್ನದ ಹೊತ್ತಿಗೆ ಏರುವುದರಿಂದ ಬಿಸಿಯೂಟ ಅರ್ಧ ಗಂಟೆ ತಡವಾದರೂ ಮಗು ನಡುಗತೊಡಗುತ್ತದೆ. ಶನಿವಾರ ಬೆಳಗಿನ ಶಾಲೆಯಾದರೆ ತಿಂಡಿಯ ಹೊತ್ತು, ಸೂಜಿಯ ಹೊತ್ತು ಎರಡೂ ಬೇಗ ಬರುತ್ತವೆ. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯಲ್ಲಿ ಹಗಲಿಡೀ ತೋಟ ಸುತ್ತುವ ಮಗುವಿಗೆ ಡೋಸ್ ಇಳಿಯುತ್ತದೆ, ಮೊಬೈಲ್ ಹಿಡಿದು ಕೂತವನಿಗೆ ಏರುತ್ತದೆ, ಜೂನ್‌ನಲ್ಲಿ ಇಬ್ಬರಿಗೂ ತಿರುವುಮುರುವು. ಕಬಡ್ಡಿ, ಖೋಖೋ ಪಂದ್ಯದ ದಿನ ಜೋಶಿನಲ್ಲಿ ಮೊದಲು ಶುಗರ್ ಏರಿ, ಆಟ ಮುಗಿದು ಏಳೆಂಟು ಗಂಟೆಯ ಮೇಲೆ, ಅಂದರೆ ನಿದ್ದೆಯಲ್ಲಿ, ಲೋ ಆಗಬಹುದು. ಪಂದ್ಯದ ಹೊತ್ತಿನ 260ಕ್ಕೆ ಪೂರ್ತಿ ಡೋಸ್ ಕೊಟ್ಟುಬಿಟ್ಟರೆ ಆ ರಾತ್ರಿ ಕಷ್ಟ. ಸಂಜೆ ಜೋರು ಆಟವಾಡಿದ ದಿನ ರಾತ್ರಿಯ ಬೇಸಲ್ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರ ಹತ್ತಿರ ಮೊದಲೇ ಬರೆಸಿಕೊಂಡಿರಬೇಕು. ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ಮಕ್ಕಳಿಗೆ ಅನುಮತಿ ಕೊಟ್ಟಿದೆ. ಬೇರೆ ಬೋರ್ಡಿನವರು ಮುಖ್ಯೋಪಾಧ್ಯಾಯರ ಮೂಲಕ ಮುಂಚೆಯೇ ಕೇಳಿ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಲೋ ಆದಾಗ ಕೊಡುವ ಸಕ್ಕರೆಯ ಅಳತೆಯೂ ಮಗು ಬೆಳೆದಂತೆ ಬದಲಾಗುತ್ತದೆ. ಒಂದು ಕೆಜಿಗೆ 0.3 ಗ್ರಾಂ ಗ್ಲೂಕೋಸ್. 15 ಕೆಜಿಗೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆ. 30 ಕೆಜಿಗೆ 9, 50 ಕೆಜಿಗೆ 15. ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿ, 70 ದಾಟದಿದ್ದರೆ ಮತ್ತೊಮ್ಮೆ. ಚಾಕೊಲೇಟ್, ಹಾಲು ಬೇಡ, ಕೊಬ್ಬಿರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ ಬಾಯಿಗೆ ಏನನ್ನೂ ಸುರಿಯಬಾರದು. ಒಂದು ಮಗ್ಗುಲಿಗೆ ಮಲಗಿಸಿ, ಶುಗರ್ ಏರಿಸುವ ಸೂಜಿಮದ್ದಾದ ಗ್ಲುಕಗಾನ್ ಇದ್ದರೆ 25 ಕೆಜಿಯೊಳಗಿನವರಿಗೆ ಅರ್ಧ ಮಿಲಿಗ್ರಾಂ, ಮೇಲಿನವರಿಗೆ ಒಂದು. ಅದು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಇಲ್ಲದಿದ್ದರೆ ಕೆನ್ನೆಯ ಒಳಭಾಗಕ್ಕೆ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ಒದ್ದೆ ಮಾಡಿ ಸವರುತ್ತ ಆಸ್ಪತ್ರೆಗೆ ಓಡುವುದು.

ಜ್ವರದ ದಿನಗಳಲ್ಲಿ ಕೇಳಿಬರುವ ತಪ್ಪು ಮಾತು, "ಏನೂ ತಿಂದಿಲ್ಲ, ಇವತ್ತು ಇನ್ಸುಲಿನ್ ಬೇಡ." ಬೇಸಲ್ ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಬಾರದು. ಜ್ವರದಲ್ಲಿ ದೇಹಕ್ಕೆ ಇನ್ಸುಲಿನ್ ಹೆಚ್ಚೇ ಬೇಕು, ಊಟವಿಲ್ಲದಿದ್ದರೂ ಯಕೃತ್ತು ಸಕ್ಕರೆ ಸುರಿಯುತ್ತಿರುತ್ತದೆ, ಇನ್ಸುಲಿನ್ ಇಲ್ಲದಿದ್ದರೆ ಕೊಬ್ಬು ಕರಗಿ ಕೀಟೋನ್ ಏರುತ್ತದೆ. ಎರಡರಿಂದ ನಾಲ್ಕು ಗಂಟೆಗೊಮ್ಮೆ ಶುಗರ್, ಜೊತೆಗೆ ಕೀಟೋನ್ ನೋಡಬೇಕು. ರಕ್ತದ ಕೀಟೋನ್ 0.6ರ ಒಳಗಿದ್ದರೆ ಸರಿ. 1.5 ದಾಟಿ ಶುಗರೂ ಏರಿದ್ದರೆ ದಿನದ ಒಟ್ಟು ಡೋಸಿನ ಶೇ. 10ರಷ್ಟು ಬೇಗ ಕೆಲಸ ಮಾಡುವ ಇನ್ಸುಲಿನ್ ಹೆಚ್ಚುವರಿಯಾಗಿ, ದಿನಕ್ಕೆ 30 ಯೂನಿಟ್ ಪಡೆಯುವ ಮಗುವಿಗೆ 3. ಎರಡು ಗಂಟೆಯ ಮೇಲೆ ಮತ್ತೆ ನೋಡಬೇಕು. 3 ಮುಟ್ಟಿದರೆ ಮನೆಯಲ್ಲಿ ಕೂರುವಂತಿಲ್ಲ. ಮೂತ್ರದ ಸ್ಟ್ರಿಪ್ ಅಗ್ಗ, ಆದರೆ ಅದು ತೋರಿಸುವುದು ಕೆಲವು ಗಂಟೆ ಹಿಂದಿನ ಸ್ಥಿತಿ. ವಾಂತಿ ಭೇದಿಯಲ್ಲಿ ಉಲ್ಟಾ: ಶುಗರ್ 80, ಕೀಟೋನ್ ಮಾತ್ರ ಇದೆ. ಆಗ ಸಿಹಿ ಪಾನೀಯವನ್ನು ಗುಟುಕು ಗುಟುಕಾಗಿ ಕೊಟ್ಟು ಶುಗರ್ ಮೇಲೆತ್ತಿಕೊಂಡು ಇನ್ಸುಲಿನ್ ಮುಂದುವರಿಸಬೇಕು. ಒಆರ್‌ಎಸ್‌ನಲ್ಲಿ ಸಕ್ಕರೆ ಇದೆಯೆಂದು ಹೆದರಿ ಕೊಡದಿರುವುದು ದೊಡ್ಡ ತಪ್ಪು, ಒಂದು ಲೀಟರಿನಲ್ಲಿರುವುದು ಬರೀ 13.5 ಗ್ರಾಂ. ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಮಂಪರು ಕಂಡರೆ ಹೊರಡುವುದೇ ಸರಿ, ಮತ್ತು ಆಸ್ಪತ್ರೆಯ ಬಾಗಿಲಲ್ಲೇ "ಟೈಪ್ 1 ಇದೆ" ಎಂದು ಹೇಳಬೇಕು. ಇಲ್ಲವಾದರೆ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸುತ್ತ ಹೊತ್ತು ಹೋಗುತ್ತದೆ. ಜ್ವರ ಬಿಟ್ಟ ಮೇಲೆ ಏರಿಸಿದ ಡೋಸ್ ಎರಡು ಮೂರು ದಿನದಲ್ಲಿ ಇಳಿಸಬೇಕಾಗಿ ಬರುತ್ತದೆ. ವೀಸಿಂಗ್‌ಗೆ ಸ್ಟಿರಾಯ್ಡ್ ಮಾತ್ರೆ ಕೊಟ್ಟಾಗಲೂ ಇದೇ ಕಥೆ, ಮಾತ್ರೆ ಮುಗಿದ ದಿನದಿಂದ ಇಳಿಕೆಗೆ ಸಿದ್ಧವಿರಬೇಕು.

ಕಾರಣವಿಲ್ಲದೆ ಡೋಸ್ ಇಳಿಯುತ್ತಾ ಹೋದರೆ ಸಂತೋಷಪಡುವ ಮೊದಲು ಪರೀಕ್ಷೆ ಮಾಡಿಸಬೇಕು. ಹನಿಮೂನ್ ಮುಗಿದು ವರ್ಷಗಳಾದ ಮಗು, ಊಟ ಆಟ ಬದಲಾಗಿಲ್ಲ, ಆದರೂ ಪದೇಪದೇ ಲೋ, ಎತ್ತರ ನಿಂತಂತಿದೆ: ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಥೈರಾಯ್ಡ್ ಕೊರತೆ, ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯ ಅಡಿಸನ್ ಕಾಯಿಲೆ ಇದರ ಹಿಂದಿರಬಹುದು. ಟೈಪ್ 1 ಇರುವ ಮಕ್ಕಳಲ್ಲಿ ಇವು ಉಳಿದವರಿಗಿಂತ ಹೆಚ್ಚು. ಮೂರಕ್ಕೂ ರಕ್ತಪರೀಕ್ಷೆ ಇದೆ.

ಕೊನೆಯ ಬದಲಾವಣೆ ಸಾಮಾನ್ಯವಾಗಿ ಅಪ್ಪ ಅಮ್ಮ ಹತ್ತಿರವಿಲ್ಲದಾಗ ಬರುತ್ತದೆ. ಹದಿನೇಳು ಹದಿನೆಂಟಕ್ಕೆ ಬೆಳವಣಿಗೆ ನಿಂತು, ಹರೆಯದಲ್ಲಿ ಕೆಜಿಗೆ ಒಂದೂವರೆಯಷ್ಟಿದ್ದ ಡೋಸ್ ಒಂದರ ಸುತ್ತ ಬರತೊಡಗುತ್ತದೆ. ಅದೇ ಹೊತ್ತಿಗೆ ಪಿಯುಸಿ ಮುಗಿಸಿ ಹಾಸ್ಟೆಲ್ ಸೇರಿರುತ್ತಾರೆ. ಮೆಸ್ಸಿನ ಊಟದ ಹೊತ್ತು ಬೇರೆ, ಓಡಾಟ ಹೆಚ್ಚು. ಹಳೆಯ ಡೋಸನ್ನೇ ಮುಂದುವರಿಸಿದವರು ಲೋ ಆಗುತ್ತಾರೆ, ಲೋಗೆ ತಿನ್ನುತ್ತಾ ತೂಕ ಏರಿಸಿಕೊಳ್ಳುತ್ತಾರೆ, ತೂಕಕ್ಕೆ ಹೆದರಿ ಸೂಜಿ ಬಿಡುತ್ತಾರೆ. ಹಾಗಾಗಿ ಹಾಸ್ಟೆಲಿಗೆ ಹೊರಡುವ ಹಿಂದಿನ ತಿಂಗಳಲ್ಲೇ ವೈದ್ಯರ ಬಳಿ ಹೋಗಿ ಒಟ್ಟು ಡೋಸನ್ನು ಹೊಸದಾಗಿ ಕೂಡಿಸಿಕೊಂಡು, 500 ಮತ್ತು 1800ರ ಭಾಗಾಕಾರವನ್ನು ಆ ಹುಡುಗ ಅಥವಾ ಹುಡುಗಿಯ ಕೈಯಲ್ಲೇ ಮಾಡಿಸಬೇಕು. ಇನ್ಸುಲಿನ್ ಇಡಲು ವಾರ್ಡನ್ ಹತ್ತಿರದ ಫ್ರಿಜ್ ಕೇಳಿಟ್ಟುಕೊಳ್ಳಬೇಕು, ಮತ್ತು ರೂಮಿನಲ್ಲಿರುವ ಒಬ್ಬರಿಗಾದರೂ ಗ್ಲೂಕೋಸ್ ಡಬ್ಬಿ ಎಲ್ಲಿದೆ ಎಂದು ತೋರಿಸಿರಬೇಕು.